ರಫೀಕಿ ನೋಡುವ ಸಂಜೆ

ಸಲಿಂಗಿ, ಟ್ರಾನ್ಸ್ ಮುಂತಾದವರ ಬದುಕಿನ ಚಿತ್ರಗಳನ್ನು ತೋರಿಸುವ ಕ್ವಿಯರ್ ಚಿತ್ರೋತ್ಸವದಲ್ಲಿ ಏಳು ಗಂಟೆಯ ಸಿನಿಮಾ ಇದ್ದರೆ ಆರೂವರೆಗೇ ಬಾಗಿಲ ಬಳಿ ಇರಬೇಕು. ಸೀಟಿಗೆ ನಂಬರ್ ಇಲ್ಲ, ಮೊದಲು ಬಂದವರಿಗೆ ಒಳ್ಳೆಯ ಜಾಗ. ಆನ್‌ಲೈನ್‌ನಲ್ಲಿ ಹೆಸರು ಕೊಟ್ಟವರೂ ಮೇಜಿನೆದುರು ಸಾಲಿನಲ್ಲಿ ನಿಲ್ಲಬೇಕಲ್ಲ ಎಂದು ಗೊಣಗುವವರು ಇದ್ದೇ ಇರುತ್ತಾರೆ. ಆದರೆ ಆ ಸಾಲಿಗೆ ಕಾರಣವಿದೆ. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರವನ್ನು ಉತ್ಸವದಲ್ಲಿ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಅದು ಸಿಗುವುದು ನೋಂದಾಯಿಸಿಕೊಂಡ ಪ್ರೇಕ್ಷಕರಿಗೆ ತೋರಿಸಲು ಮಾತ್ರ. ಹೆಸರು ಬರೆಸಿ, 18 ತುಂಬಿದೆ ಎಂದು ಖಾತ್ರಿಪಡಿಸಿ ಒಳಗೆ ಹೋದರೆ, ಮುತ್ತಿನ ದೃಶ್ಯಕ್ಕೆ ಕತ್ತರಿ ಬೀಳದ ಪ್ರತಿ ನೋಡಲು ಸಿಗುತ್ತದೆ.

ಕೊರಳಿಗೆ ಹಾಕುವ ಕಾರ್ಡಿನಲ್ಲಿ ಮನೆಯವರು ಇಟ್ಟ ಹೆಸರೇ ಇರಬೇಕೆಂದಿಲ್ಲ. ಕರೆಸಿಕೊಳ್ಳಲು ಇಷ್ಟಪಡುವ ಹೆಸರು ಬರೆದರೆ ಸಾಕು. ಫೋಟೊ ಬೇಡ ಅನ್ನುವವರಿಗೆ ಬೇರೆ ಬಣ್ಣದ ಸ್ಟಿಕರ್ ಕೊಡುವ ಪದ್ಧತಿ ಹಲವು ಕಡೆ ಇದೆ. ಉತ್ಸವದ ಫೋಟೊಗ್ರಾಫರ್ ಅದನ್ನು ಗಮನಿಸುತ್ತಾರೆ. ತೊಂದರೆ ಬರುವುದು ಪೋಸ್ಟರ್ ಮುಂದೆ ಸೆಲ್ಫಿ ತೆಗೆಯುವವರಿಂದ. ಹಿಂದೆ ಟೀ ಹಿಡಿದು ನಿಂತಿದ್ದವಳ ಮುಖವೂ ಅದರಲ್ಲಿ ಸೇರಿ, ರಾತ್ರಿಯೊಳಗೆ ಯಾರದೋ ವಾಟ್ಸಾಪ್ ಸ್ಟೇಟಸ್‌ನಲ್ಲಿರುತ್ತದೆ. ಸೆಲ್ಫಿ ಬೇಕೇ ಬೇಕೆಂದರೆ ಬೆನ್ನು ಗೋಡೆಗೆ ಇರಲಿ.

ಇಷ್ಟೊಂದು ಎಚ್ಚರ ಯಾಕೆ ಎಂದು ಹೊಸಬರು ಕೇಳುತ್ತಾರೆ. ಇಬ್ಬರು ಹೆಂಗಸರ ಪ್ರೇಮದ ‘ಫೈರ್’ ಸೆನ್ಸಾರ್ ಮಂಡಳಿ ಒಪ್ಪಿದ್ದ ಚಿತ್ರವೇ ಆಗಿತ್ತು. ಆದರೂ 1998ರ ಡಿಸೆಂಬರ್‌ನಲ್ಲಿ ಮುಂಬೈ, ದೆಹಲಿಗಳಲ್ಲಿ ಅದನ್ನು ಹಾಕಿದ್ದ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್ 2009ರಲ್ಲಿ ಶುರುವಾದಾಗಲೂ ಆ ನೆನಪು ಹಳತಾಗಿರಲಿಲ್ಲ.

ಆ ಸಂಜೆಯ ಚಿತ್ರ ಕೀನ್ಯಾದ ವನುರಿ ಕಹಿಯು ನಿರ್ದೇಶಿಸಿದ, ಇಬ್ಬರು ಹುಡುಗಿಯರ ಪ್ರೇಮದ ‘ರಫೀಕಿ’. ಎಂಬತ್ತು ನಿಮಿಷಕ್ಕೆ ತುಸು ಹೆಚ್ಚು, ಅಷ್ಟೇ. 2018ರಲ್ಲಿ ಕಾನ್ ಉತ್ಸವಕ್ಕೆ ಆಯ್ಕೆಯಾದ ಮೊದಲ ಕೀನ್ಯಾ ಚಿತ್ರ ಅದು. ಸ್ವಂತ ದೇಶದಲ್ಲಿ ಆಗ ಅದಕ್ಕೆ ನಿಷೇಧ ಬಿದ್ದಿತ್ತು. ಅಂತ್ಯದಲ್ಲಿ ಭರವಸೆ ಹೆಚ್ಚಾಯಿತು, ಅದನ್ನು ಬದಲಿಸಿ ಎಂದು ಅಲ್ಲಿನ ಸೆನ್ಸಾರ್ ಮಂಡಳಿ ಕೇಳಿತ್ತೆಂದು ನಿರ್ದೇಶಕಿ ಹೇಳಿದ್ದಾರೆ. ಮುತ್ತಿಗಿಂತ ಹೆಚ್ಚಾಗಿ ಕೊನೆಯೇ ಕಣ್ಣು ಕುಕ್ಕಿತು ಅನ್ನುವುದನ್ನು ತಲೆಯಲ್ಲಿಟ್ಟುಕೊಂಡು ನೋಡಬೇಕು. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಅಲ್ಲಿನ ದಂಡ ಸಂಹಿತೆಯ 162ನೆಯ ಕಲಮು ನಮ್ಮ ಹಳೆಯ ದಂಡ ಸಂಹಿತೆಯಲ್ಲಿದ್ದ 377ರ ದಾಯಾದಿ. ಎರಡೂ ಬ್ರಿಟಿಷರು ಬಿಟ್ಟುಹೋದವು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು 377ರ ಹಲ್ಲು ಕಿತ್ತಿತು. ಅದಾದ 15 ದಿನಕ್ಕೆ ನೈರೋಬಿಯ ಹೈಕೋರ್ಟ್ ಈ ಚಿತ್ರದ ಮೇಲಿನ ನಿಷೇಧವನ್ನು 7 ದಿನ ಸಡಿಲಿಸಿತು, ಆಸ್ಕರ್‌ಗೆ ಅರ್ಹತೆ ಸಿಗಲಿ ಅಂತ. ಆ ವಾರ ನೈರೋಬಿಯಲ್ಲಿ ಪ್ರದರ್ಶನಗಳು ತುಂಬಿ ತುಳುಕಿದವು.

ಇನ್ನು ತೆರೆಯ ವಿಷಯ. ಡಿಸಿಪಿ, ಅಂದರೆ ಚಿತ್ರಮಂದಿರದ ಪ್ರೊಜೆಕ್ಟರ್‌ಗೆಂದೇ ಮಾಡಿದ ಡಿಜಿಟಲ್ ಪ್ರತಿ, ಬಂದಿದ್ದರೆ ಅದಕ್ಕೆ ಬೀಗ ಹಾಕಿದ್ದು, ಕೀಲಿಕೈಯಂಥ ಒಂದು ಕೆಡಿಎಂ ಫೈಲ್ ಜೊತೆಗಿರಬಹುದು. ಅದು ನಿಗದಿತ ಸರ್ವರ್‌ನಲ್ಲಿ, ನಿಗದಿತ ಹೊತ್ತಿನಲ್ಲಿ ಮಾತ್ರ ಚಿತ್ರವನ್ನು ಬಿಡಿಸುತ್ತದೆ. ವೇಳೆ ಬರೆದಿರುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲೋ ಭಾರತದ ಸಮಯದಲ್ಲೋ ನೋಡಿಕೊಳ್ಳದಿದ್ದರೆ ಅನಾಹುತ: ಸಂಜೆ 7 ಎಂದುಕೊಂಡದ್ದು ಯುಟಿಸಿ 19 ಗಂಟೆ ಆಗಿದ್ದರೆ ಬೀಗ ತೆರೆಯುವುದು ಮಧ್ಯರಾತ್ರಿ ಹನ್ನೆರಡೂವರೆಗೆ. ಸಣ್ಣ ಸಭಾಂಗಣಗಳಲ್ಲಿ ಲ್ಯಾಪ್‌ಟಾಪ್‌ನಿಂದಲೇ ಓಡಿಸುತ್ತಾರೆ. ಅಲ್ಲಿ ತೊಂದರೆಗಳು ಬೇರೆ. ಹಲವು ಸ್ಪೀಕರ್‌ಗಳಿಗೆ ಹಂಚಿದ 5.1 ಧ್ವನಿಯಲ್ಲಿ ಮಾತುಗಳು ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲಿರುತ್ತವೆ. ಎಡ-ಬಲದ ಎರಡೇ ಸ್ಪೀಕರ್‌ಗೆ ಕೊಟ್ಟರೆ ಸಂಗೀತ ಅಬ್ಬರಿಸುತ್ತದೆ, ಮಾತು ಕೇಳುವುದೇ ಇಲ್ಲ. ಪ್ಲೇಯರ್‌ನಲ್ಲಿ ಎಲ್ಲ ಚಾನೆಲ್‌ಗಳನ್ನೂ ಎರಡಕ್ಕೆ ಬೆರೆಸುವ ಸ್ಟೀರಿಯೊ ಡೌನ್‌ಮಿಕ್ಸ್ ಆಯ್ದರೆ ಸರಿಹೋಗುತ್ತದೆ. ಸ್ಲೀಪ್ ಮೋಡ್, ನೋಟಿಫಿಕೇಶನ್ ಎರಡನ್ನೂ ಆರಿಸಿರಬೇಕು. ಬೇರೆ ಕಡೆ ತೆರೆಯ ಮೂಲೆಯಲ್ಲಿ ಯಾರದೋ ಹೆಸರು, ಮೆಸೇಜು ಮೂಡಿದರೆ ನಗು ಬರುತ್ತದೆ. ಇಲ್ಲಿ ಅದು ಒಬ್ಬರ ಗುಟ್ಟನ್ನು ಇನ್ನೂರು ಜನರೆದುರು ಬಿಚ್ಚಿಡಬಹುದು.

ಸಬ್‌ಟೈಟಲ್ ಬೇರೆ ಫೈಲ್ ಆಗಿದ್ದರೆ ಮೊದಲ ಐದು ನಿಮಿಷ ನೋಡಿ ಸಮಾಧಾನಪಡಬಾರದು. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರಕ್ಕೆ 25ರ ಫೈಲ್ ಸೇರಿಸಿದರೆ ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಇಷ್ಟು ಉದ್ದದ ಚಿತ್ರದಲ್ಲಿ ಕೊನೆಗೆ ಬರುವಷ್ಟರಲ್ಲಿ ಮಾತಿಗೂ ಅಕ್ಷರಕ್ಕೂ ಮೂರು ನಿಮಿಷದ ಅಂತರ. 23.976ಕ್ಕೂ 24ಕ್ಕೂ ಇರುವ ಅಲ್ಪ ವ್ಯತ್ಯಾಸವೇ ಐದು ಸೆಕೆಂಡ್ ತಿನ್ನುತ್ತದೆ. ಹಾಗಾಗಿ ಪರೀಕ್ಷೆಗೆ ಕೊನೆಯ ಸಂಭಾಷಣೆಗೇ ಹಾರಿ ನೋಡಬೇಕು.

ನೋಡುವವರಿಗೆ ಸೀಟು ಮುಖ್ಯ. ನೆಲ ಸಪಾಟಾಗಿರುವ ಹಾಲ್‌ನಲ್ಲಿ ಎಂಟನೆಯ ಸಾಲಿನವರಿಗೆ ಸಬ್‌ಟೈಟಲ್‌ನ ಕೆಳಗಿನ ಸಾಲು ಮುಂದಿನವರ ತಲೆಯ ಹಿಂದೆ ಹೋಗುತ್ತದೆ. ಮೂರು-ನಾಲ್ಕನೆಯ ಸಾಲಿನ ತುದಿ ಒಳ್ಳೆಯದು. ಅಲ್ಲಿಂದ ಎದ್ದು ಹೋಗುವುದೂ ಸುಲಭ, ಈ ಚಿತ್ರಕ್ಕೆ ಅದು ಬೇಕಾಗಬಹುದು. ಇಂಗ್ಲಿಷ್ ಅಕ್ಷರ ಬೇಗ ಓದಲು ಕಷ್ಟವಾಗುವವರು ಕಥೆಯ ಎಳೆ ಮೊದಲೇ ತಿಳಿದು ಬಂದರೆ ನಷ್ಟವಿಲ್ಲ. ಕೀನಾ, ಜಿಕಿ ಇಬ್ಬರು ಹುಡುಗಿಯರು. ಇಬ್ಬರ ಅಪ್ಪಂದಿರೂ ಒಂದೇ ಸ್ಥಳೀಯ ಚುನಾವಣೆಯಲ್ಲಿ ಎದುರಾಳಿಗಳು. ಇಷ್ಟು ಗೊತ್ತಿದ್ದರೆ ಕಣ್ಣನ್ನು ಅಕ್ಷರದಿಂದ ಬಿಡಿಸಿ ಮುಖಗಳ ಮೇಲಿಡಬಹುದು. ಇಲ್ಲಿ ಪ್ರೇಮ ಬೆಳೆಯುವುದು ಮಾತಿನಲ್ಲಿ ಕಡಿಮೆ, ನೋಟದಲ್ಲಿ ಹೆಚ್ಚು: ಕೀನಾ ದಿಟ್ಟಿಸುವುದು, ಜಿಕಿಯ ಬಣ್ಣದ ಜಡೆಗಳು, ತಾರಸಿಯ ಮೇಲೆ ಇಬ್ಬರೇ ಕಳೆಯುವ ಹೊತ್ತು. ಅಕ್ಷರ ಓದುತ್ತಾ ಕೂತವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಈ ಪ್ರೇಕ್ಷಕರು ನಗುವ ಜಾಗವೇ ಬೇರೆ. ಅಂಗಡಿಯ ಹೆಂಗಸು ಊರಿನ ಸುದ್ದಿಯನ್ನೆಲ್ಲ ಹಂಚುವಾಗ ಹಾಲ್ ನಗುತ್ತದೆ, ಏಕೆಂದರೆ ಅವಳು ಎಲ್ಲರ ಬೀದಿಯಲ್ಲೂ ಇದ್ದಾಳೆ. ಹಳೆಯ ವ್ಯಾನಿನೊಳಗೆ ಇಬ್ಬರೂ ಹತ್ತಿರವಾದಾಗ ಶಿಳ್ಳೆ ಬೀಳುತ್ತದೆ, ತುಸು ಜಾಸ್ತಿಯೇ. ನಂತರ ಅದೇ ವ್ಯಾನಿಗೆ ಜನ ಮುತ್ತಿಗೆ ಹಾಕಿ ಅವರನ್ನು ಹೊಡೆಯುತ್ತಾರೆ. ಇಂಥದ್ದನ್ನು ಬಾಳಿನಲ್ಲೇ ಕಂಡವರು ಹಾಲ್‌ನಲ್ಲಿ ಇರುತ್ತಾರೆ. ಪ್ರದರ್ಶನಕ್ಕೆ ಮುಂಚೆ ವೇದಿಕೆಯಿಂದ ಒಂದು ವಾಕ್ಯದ ಎಚ್ಚರಿಕೆ ಕೊಡುವುದು ಒಳ್ಳೆಯದು. ಕಥೆ ಬಿಟ್ಟುಕೊಟ್ಟಂತಾಯಿತು ಎಂಬ ದೂರು ಬರುತ್ತದೆ; ಬರಲಿ.

ಚರ್ಚೆಗೆ ಇಪ್ಪತ್ತು ನಿಮಿಷ. ಮೈಕ್ ಹಿಡಿದವರು ಪ್ರಶ್ನೆ ಬಿಟ್ಟು ಭಾಷಣ ಮಾಡಿದರೆ ಐದು ಜನರ ಸರದಿ ಹೋಯಿತು. ನಡೆಸಿಕೊಡುವವರು ಮೈಕ್ ತಮ್ಮ ಕೈಯಲ್ಲೇ ಹಿಡಿದು ಚಾಚುವುದು ಲೇಸು. ಇಬ್ಬರಲ್ಲಿ ಗಂಡಿನಂಥವಳು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಿಟ್ಟಾಗದೆ, ಇಬ್ಬರೂ ಹುಡುಗಿಯರೇ ಎಂದು ಉತ್ತರಿಸಿ ಮುಂದಿನವರಿಗೆ ಮೈಕ್ ಕೊಡಬೇಕು. ಹುರುಪಿನ ಜಗಳ ಹುಟ್ಟುವುದು ಅಂತ್ಯದ ಬಗ್ಗೆ. ಇಷ್ಟೆಲ್ಲ ಆದಮೇಲೆ ಅವರಿಗೆ ಸಿಕ್ಕಿದ್ದು ಇಷ್ಟೇನಾ ಎಂದು ಒಂದು ಬಣ, ಅಷ್ಟಾದರೂ ಸಿಕ್ಕಿತಲ್ಲ ಎಂದು ಇನ್ನೊಂದು. ಮುಂದಿನ ಚಿತ್ರಕ್ಕೆ ಹಾಲ್ ಖಾಲಿ ಮಾಡಬೇಕಾದ್ದರಿಂದ ಅದು ಅಂಗಳಕ್ಕೆ ಹೋಗಿ ಮುಂದುವರಿಯುತ್ತದೆ. ಆಟೊ ಹತ್ತುವ ಮುಂಚೆ ಕೊರಳಿನ ಕಾರ್ಡ್ ಬ್ಯಾಗಿಗೆ ಹಾಕಿಕೊಳ್ಳಿ ಎಂದು ಸ್ವಯಂಸೇವಕರು ಗೇಟಿನಲ್ಲಿ ನೆನಪಿಸುತ್ತಿರುತ್ತಾರೆ.