ಹುಲಿ ಬಂದ ದಿನದಿಂದ

ಅತ್ತೆ ಎರಡೂ ಕೈಯ ಬೆರಳು ಮಡಚಿ ಉಗುರು ಮಾಡಿಕೊಂಡು ಗಾಳಿ ಪರಚಿದರು. ಆಮೇಲೆ ಅಂಗೈಯನ್ನು ಹೊಟ್ಟೆಯ ಬಲಗಡೆ, ಪಕ್ಕೆಲುಬಿನ ಕೆಳಗೆ ಇಟ್ಟರು. ಕೊನೆಗೆ ಅದೇ ಕೈಯನ್ನು ಗಾಲಿಯ ಹಾಗೆ ಉರುಳಿಸುತ್ತ ತಂದು ಮಂಚದ ಮೇಲೆ ಟಪ್ಪಂತ ಇಟ್ಟರು. ಮತ್ತೆ ಉಗುರು, ಮತ್ತೆ ಹೊಟ್ಟೆ, ಮತ್ತೆ ಗಾಲಿ.

ಡಾಕ್ಟರ್ ಹುಡುಗಿ ನನ್ನ ಮುಖ ನೋಡಿದರು. ನಾನು ಒಂದು ಕ್ಷಣವೂ ತಡೆಯಲಿಲ್ಲ. "ಹುಲಿ ಪರಚಿದ ಹಾಗೆ ನೋವಂತೆ" ಅಂದುಬಿಟ್ಟೆ. ಎಷ್ಟು ದಿನದಿಂದ ಅಂತ ಕೇಳಿದ್ದಕ್ಕೆ "ಎರಡು ದಿನ" ಅಂತ ಬೆರಳನ್ನೂ ಎತ್ತಿದೆ. ಅತ್ತೆ ನನ್ನ ಆ ಎರಡು ಬೆರಳು ನೋಡಿದವರೇ ಮಣಿಕಟ್ಟು ಹಿಡಿದು ಜಗ್ಗಿ, ಇಲ್ಲ ಇಲ್ಲ ಅಂತ ತಲೆ ಆಡಿಸಿ, ಪುನಃ ಹುಲಿ ಮಾಡಿದರು. "ತುಂಬ ನೋವಿದೆ ಪಾಪ" ಅಂತ ಡಾಕ್ಟರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ಇದು ನಡೆದದ್ದು ಮೊನ್ನೆ ಮಂಗಳವಾರ, ಉಡುಪಿಯ ಒಂದು ಆಸ್ಪತ್ರೆಯಲ್ಲಿ. ಆವತ್ತಿನಿಂದ ಕಣ್ಣು ಮುಚ್ಚಿದರೆ ಆ ಹುಲಿಯುಗುರೇ.

ಅತ್ತೆಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಶಾಲೆಗೆ ಹೋದವರಲ್ಲ. ಮನೆಯಲ್ಲಿ, ಊರಲ್ಲಿ ಎಲ್ಲರಿಗೂ ಅವರು 'ಮೂಗಿ ಅತ್ತೆ'. ಅಡ್ಮಿಷನ್ ಫಾರ್ಮಿನಲ್ಲಿ ಹೆಸರು ಬರೆಯುವಾಗ ನಾನು ಆಧಾರ್ ಕಾರ್ಡು ತೆಗೆದು ನೋಡಬೇಕಾಯ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ನಾನು ಮಾತ್ರ ಅವರ ಅಧಿಕೃತ ದುಭಾಷಿ ಎಂಬ ಗತ್ತಿನಲ್ಲಿದ್ದೆ. ನಮ್ಮ ದೊಡ್ಡಣ್ಣನಿಗಿಂತ ನಾನು ಎಷ್ಟೋ ವಾಸಿ ಅಂತ ಬೇರೆ. ಅವನು ಬಂದವನೇ ಮಂಚದ ಮೇಲೆ ಬಗ್ಗಿ "ಅತ್ತೇ, ಈಗ ಹೇಗುಂಟು?" ಅಂತ ಕಿರುಚಿದ ರಭಸಕ್ಕೆ ಆಚೆ ಮಂಚದ ಅಜ್ಜಿ ಎದ್ದು ಕೂತಳು. ಅತ್ತೆ ಅವನ ಬಾಯೊಳಗಿನ ಹಲ್ಲು ಎಣಿಸುವವರ ಹಾಗೆ ನೋಡಿದರು. ನಾನು ಸಿಸ್ಟರಿಗೆ ಒಂದು ಪಾಠವನ್ನೂ ಮಾಡಿದ್ದೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 'ಸಂವಹನ' ಅಂದರೆ ಸನ್ನೆ ಭಾಷೆಯೂ ಸೇರುತ್ತದೆ ಗೊತ್ತುಂಟಾ ಅಂತ. ಆಕೆ, "ಹೌದಾ, ಹಾಗಾದ್ರೆ ಇವರಿಗೆ ಮಾತ್ರೆ ತಿಂದ್ರಾ ಅಂತ ಕೇಳಿ ಹೇಳಿ" ಅಂದಳು. ಬುದ್ಧಿವಂತೆ. ಅದಕ್ಕೆ ಮೊದಲು ಅವಳೇ ಮಾಸ್ಕ್ ಕೆಳಗಿಳಿಸಿ, ಬಿಡಿಸಿ ಬಿಡಿಸಿ "ಮಾತ್ರೆ" ಅಂದು ನೋಡಿದ್ದಳು. ಅತ್ತೆ ಕೈಯಲ್ಲಿ ಪಾತ್ರೆ ತಿಕ್ಕಿ ತೋರಿಸಿದ್ದರು. ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ಎರಡನ್ನೂ ಹೇಳಿ ನೋಡಿ. ತುಟಿಗೆ ಪ, ಬ, ಮ ಮೂರೂ ಒಂದೇ. ತುಟಿ ನೋಡಿ ತಿಳಿದುಕೊಳ್ತಾರೆ ಬಿಡಿ ಅನ್ನುವವರು ಒಮ್ಮೆ ಮಾಡಬೇಕಾದ ಪರೀಕ್ಷೆ ಇದು.

ಬೆಳಿಗ್ಗೆ ಬಂದ ಗಂಜಿಯನ್ನು ಬಾಯಿಗಿಡುವ ಮೊದಲೇ ಎತ್ತಿಕೊಂಡು ಹೋಗಿದ್ದರು, ಸ್ಕ್ಯಾನಿಂಗಿಗೆ ಹೊಟ್ಟೆ ಖಾಲಿ ಇರಬೇಕಂತೆ. ನನಗೆ ಹೇಳಿದರು, ಅತ್ತೆಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಮತ್ತೆ ಹೇಳಿದರಾಯ್ತು ಅಂತ. ಬಲಗೈಗೆ ಡ್ರಿಪ್ಸಿನ ಸೂಜಿ ಚುಚ್ಚಿ ಪ್ಲಾಸ್ಟರು ಸುತ್ತಿದ್ದರು. ಮಾತಾಡುವ ಕೈ ಯಾವುದು ಅಂತ ಕೇಳಿ ಎಡಗೈಗೆ ಹಾಕಬಹುದಿತ್ತು. ನನಗಾದರೂ ಹೊಳೆಯಬೇಕಿತ್ತಲ್ಲ? ಆ ಸೂಜಿಯ ಕೈಯಲ್ಲೇ ಅವರು ಹುಲಿಯುಗುರು ಮಾಡಿದ್ದು. ಟ್ಯೂಬಿನಲ್ಲಿ ರಕ್ತ ಹಿಂದಕ್ಕೆ ಏರಿತ್ತು.

ಹನ್ನೊಂದಕ್ಕೆ ವೀಲ್‌ಚೇರ್ ತಂದವನು ಮಲ್ಪೆ ಕಡೆಯ ಹುಡುಗ. ಕಾರಿಡಾರಿನಲ್ಲಿ ಲಿಫ್ಟಿಗೆ ಕಾಯುವಾಗ ಅತ್ತೆ ಅವನಿಗೂ ತಮ್ಮ ಅರ್ಜಿ ಸಲ್ಲಿಸಿದರು. ಉಗುರು, ಹೊಟ್ಟೆ, ಗಾಲಿ. ಅವನು ಒಂದು ಗಳಿಗೆ ನೋಡಿದ. ಚಪ್ಪಲಿ ಕಳಚಿದ. ಸೊಂಟ ಬಗ್ಗಿಸಿ, ಮೊಣಕಾಲು ಎತ್ತಿ, ಎರಡೇ ಎರಡು ಹೆಜ್ಜೆ ಹಾಕಿದ. ಹುಲಿವೇಷದ ಹೆಜ್ಜೆ! ಅತ್ತೆಯ ಮುಖ ಅರಳಿಬಿಟ್ಟಿತು. ಎಡಮುಷ್ಟಿಯಿಂದ ಎದೆಗೆ ಗುದ್ದಿಕೊಂಡು ತಾಸೆ-ಡೋಲು ಬಾರಿಸಿದರು. ಅವನು ಕೋಲು ಬೀಸಿ ಮೇಲೆ ತೂಗುವ ಗಡಿಗೆ ಒಡೆದ. ಹೌದು ಹೌದು ಅಂತ ಅತ್ತೆ ಮೂರು ಸಲ ತಲೆ ಆಡಿಸಿದರು.

"ವಿಟ್ಲಪಿಂಡಿಯಿಂದ ನೋವು ಅಂತಿದ್ದಾರೆ ಮಾರಾಯ್ರೆ. ನಿಮ್ಗೆ ಗೊತ್ತಾಗ್ಲಿಲ್ವಾ?"

ಅವನು ಪ್ರತಿ ವರ್ಷ ವೇಷ ಹಾಕುತ್ತಾನಂತೆ. "ನಿಮ್ಗೆ ಗೊತ್ತಾಗ್ಲಿಲ್ವಾ" ಅಂದದ್ದು ಕುಟುಕಲಿಕ್ಕಲ್ಲ, ನಿಜವಾದ ಆಶ್ಚರ್ಯದಿಂದ. ಅದಕ್ಕೇ ಇನ್ನೂ ಚುಚ್ಚುತ್ತಿದೆ.

ಯಾಕೆಂದರೆ ನನಗೆ ಗೊತ್ತಿರಬೇಕಿತ್ತು. ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಕೃಷ್ಣಮಠದ ರಥಬೀದಿಗೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವರು ಅವರೇ. ಗೊಲ್ಲರು ಗುರ್ಜಿಗೆ, ಅಂದರೆ ಬೀದಿಯಲ್ಲಿ ನಿಲ್ಲಿಸಿದ ಮರದ ಚೌಕಟ್ಟಿಗೆ, ಕಟ್ಟಿದ ಗಡಿಗೆ ಒಡೆಯುವಾಗ ನಾನು ಹೆದರಿ ಅವರ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ. ಡೋಲಿನವರಿಗೆ ಆದಷ್ಟು ಹತ್ತಿರ, ಜನ ಕಿವಿ ಮುಚ್ಚಿಕೊಳ್ಳುವ ಜಾಗದಲ್ಲೇ ಅವರು ನಿಲ್ಲುವುದು. ಆ ಪೆಟ್ಟು ಎದೆಯೊಳಗೆ ಹೋಗುತ್ತದೆ ಅಂತ ಮುಷ್ಟಿಯಿಂದ ಗುದ್ದಿ ತೋರಿಸುತ್ತಿದ್ದರು. ಅವರ ಪಂಚಾಂಗದಲ್ಲಿ ತಾರೀಕು ಇಲ್ಲ. ಹುಲಿ ಬಂದದ್ದು, ತಲೆಗೆ ಎಣ್ಣೆ ಹಚ್ಚಿದ್ದು, ಕೆಂಡ ಹಾರಿದ್ದು, ಇಷ್ಟೇ.

ಸ್ಕ್ಯಾನಿಂಗ್ ಕೋಣೆಯಲ್ಲಿ ಇನ್ನೊಂದು ಕಥೆ. ಹೊರಗೆ ಕೂರಿ ಅಂದರು, ಕೂತೆ. ಒಳಗಿನಿಂದ "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಹಿಡ್ಕೊಳ್ಳಿ ಅಂದೆ!" ಸ್ವರ ಏರುತ್ತ ಬಂತು. ನುಗ್ಗಿದೆ. ಕತ್ತಲೆ. ಡಾಕ್ಟರ ಮುಖ ಸ್ಕ್ರೀನಿನ ಕಡೆ. ಹೊಟ್ಟೆಯ ಮೇಲೆ ತಣ್ಣಗಿನ ಜೆಲ್ಲು, ಅತ್ತೆಯ ಕಣ್ಣು ಗಾಬರಿಯಲ್ಲಿ ಎಲ್ಲೆಲ್ಲೋ ಹುಡುಕುತ್ತಿತ್ತು. ಕಿವಿ ಕೇಳದವರಿಗೆ ಲೈಟು ಆರಿಸುವುದೆಂದರೆ ಉಳಿದ ಕಿವಿಯನ್ನೂ ಮುಚ್ಚಿದ ಹಾಗೆ. ಮೊಬೈಲಿನ ಟಾರ್ಚ್ ನನ್ನ ಮುಖಕ್ಕೇ ಹಿಡಿದುಕೊಂಡು, ಕೆನ್ನೆ ಉಬ್ಬಿಸಿ ಮೂಗು ಹಿಡಿದೆ. ಅವರೂ ಉಬ್ಬಿಸಿದರು. ಬಿಟ್ಟೆ, ಬಿಟ್ಟರು. ಹೀಗೆ ಎಂಟು-ಹತ್ತು ಸಲ. ಕೊನೆಗೆ ಡಾಕ್ಟರೂ ಸ್ವಲ್ಪ ನಕ್ಕರು ಅನ್ನಿ. ಮೊದಲೇ ನಕ್ಕಿದ್ದರೆ ನಷ್ಟ ಏನಿತ್ತು?

ಪಿತ್ತಕೋಶದಲ್ಲಿ ಕಲ್ಲು. ಒಂದಲ್ಲ, ಹಲವು. ಡಾಕ್ಟರ್ ಹುಡುಗಿಗೆ ಹುಲಿಯ ಅರ್ಥ ಹೇಳಿದೆ. ಪೆನ್ನು ಹಿಡಿದುಕೊಂಡೇ ಒಂದು ನಿಮಿಷ ಸುಮ್ಮನಿದ್ದು, 'ಎರಡು ದಿನ' ಹೊಡೆದುಹಾಕಿ 'ಒಂದು ತಿಂಗಳು' ಅಂತ ಬರೆದರು. ಎಣ್ಣೆಯದ್ದು ತಿಂದ ಮೇಲೆ ಜಾಸ್ತಿಯಾಗ್ತದಾ, ಬಲ ಭುಜಕ್ಕೂ ನೋವು ಬರ್ತದಾ ಅಂತ ಕೇಳಿದರು, ಈ ಸಲ ಅತ್ತೆಯ ಮುಖವನ್ನೇ ನೋಡುತ್ತ, ತಮ್ಮದೇ ಭುಜ ಮುಟ್ಟಿ ತೋರಿಸಿ. ಭುಜಕ್ಕೆ ಅತ್ತೆ ಜೋರಾಗಿ ತಲೆ ಆಡಿಸಿದರು. ಅಷ್ಟಮಿಯ ಚಕ್ಕುಲಿ ತಿಂದ ರಾತ್ರಿಯೇ ಶುರುವಾದದ್ದಂತೆ. ತಿಂಗಳಿಡೀ ಅವರು ಭುಜ ಒತ್ತಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ, ನೀರು ಸೇದಿ ಉಳುಕಿರಬೇಕು ಅಂತ ಮುಲಾಮು ತಂದುಕೊಟ್ಟದ್ದು ನಾನೇ.

ರಾತ್ರಿ ಮಂಚದ ಪಕ್ಕ ಕೂತು ಮೊಬೈಲು ತಿರುವಿದೆ. ಭಾರತೀಯ ಸನ್ನೆ ಭಾಷೆಯ ನಿಘಂಟು ಇದೆ, ಸರಕಾರದ್ದೇ, 2021ರಲ್ಲಿ ಅದರ ಪದಗಳು ಹತ್ತು ಸಾವಿರಕ್ಕೆ ಏರಿದವು. ವೀಡಿಯೋ ಕರೆಯಲ್ಲಿ ದುಭಾಷಿಯನ್ನು ಕರೆಸಬಹುದು ಅಂತಲೂ ಓದಿದೆ. ಶಾಲೆಗೆ ಹೋದ ಮಕ್ಕಳಿಗೆ ಅದು ದೊಡ್ಡ ವರ, ಪ್ರತಿ ಆಸ್ಪತ್ರೆಯಲ್ಲೂ ಇರಲೇಬೇಕು. ಆದರೆ ಅತ್ತೆಗೆ ಆ ಭಾಷೆ ನಮಗೆ ಜಪಾನೀ ಇದ್ದ ಹಾಗೆ. ಅವರದ್ದು ನಮ್ಮ ಮನೆಯ ಜಗಲಿಯಲ್ಲೇ ಹುಟ್ಟಿದ ಭಾಷೆ. ಅಜ್ಜಿಗೆ ಸಲೀಸಾಗಿ ಬರುತ್ತಿತ್ತು. ಅಪ್ಪನಿಗೆ ಬರುತ್ತಿತ್ತು, ಅಪ್ಪ, ಅತ್ತೆ ಇಬ್ಬರೂ ಆ ಭಾಷೆಯಲ್ಲಿ ಜಗಳವನ್ನೂ ಆಡುತ್ತಿದ್ದರು. ಜೊತೆಗೆ ಬೀಡಿ ಕಟ್ಟುತ್ತಿದ್ದ ಆಚೆಮನೆ ಅಕ್ಕನಿಗೆ ಬರುತ್ತಿತ್ತು. ಮೂವರೂ ಈಗ ಇಲ್ಲ. ಅತ್ತೆ ಮಾತು ಕಡಿಮೆ ಮಾಡಿದ್ದು ವಯಸ್ಸಿನಿಂದ ಅಂತ ನಾವು ತಿಳಿದಿದ್ದೆವು. ಮಾತಾಡಲಿಕ್ಕೆ ಅವರಿಗೆ ಉಳಿದವರು ಯಾರು? ಊಟ, ಮಲಗು, ಬಾ, ಹೋಗು ಎಂಬ ಹತ್ತು ಸನ್ನೆ ಕಲಿತು ದುಭಾಷಿಯ ಜಂಬದಲ್ಲಿದ್ದ ನಾನು.

ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ, ದೀಪಾವಳಿ ಕಳೆದ ವಾರ. ಅದನ್ನು ಈ ಸಲ ಸರಿಯಾಗಿ ನಾನೇ ಹೇಳಬೇಕು ಅಂತ ನಿನ್ನೆ ಮನೆಗೆ ಬಂದ ಮೇಲೆ ಎದುರು ಕೂತೆ. ಎರಡೂ ಅಂಗೈಯಿಂದ ತಲೆಗೆ ಎಣ್ಣೆ ತಿಕ್ಕಿದೆ, ಕಣ್ಣು ಮುಚ್ಚಿ, ಚೆನ್ನಾಗಿಯೇ. ಆಮೇಲೆ ಗಾಲಿ ಮುಂದಕ್ಕೆ ಉರುಳಿಸಿದೆ, ಹೊಟ್ಟೆ ತೋರಿಸಿದೆ.

ಅತ್ತೆ ತುಂಬಾ ಹೊತ್ತು ನೋಡಿದರು. ಎದ್ದು ಹೋಗಿ, ತಮ್ಮ ಔಷಧಿ ಚೀಲ ತಂದು, ಒಂದು ಮಾತ್ರೆ ಒಡೆದು ನನ್ನ ಅಂಗೈಗೆ ಹಾಕಿ, ನನ್ನ ಹಣೆ ಒತ್ತತೊಡಗಿದರು.