ಉಟ್ಟ ಬಟ್ಟೆಯಲ್ಲೇ ಮೂಡಿದ ಮೈಗಳು: ಮಾವ್ಗೊಜಾತಾ ಮಿರ್ಗಾ-ತಾಸ್ ಅವರ ಕಲೆ

2022ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಪೋಲೆಂಡ್ ಮಂಟಪದ ಗೋಡೆಗಳನ್ನು ಆವರಿಸಿದ್ದ ಹನ್ನೆರಡು ಬೃಹತ್ ಬಟ್ಟೆಚಿತ್ರಗಳನ್ನು ರಚಿಸಿದವರು ಮಾವ್ಗೊಜಾತಾ ಮಿರ್ಗಾ-ತಾಸ್. 1895ರಲ್ಲಿ ಆರಂಭವಾದ ಆ ಪ್ರದರ್ಶನದ ಇತಿಹಾಸದಲ್ಲಿ ದೇಶವೊಂದರ ಮಂಟಪವನ್ನು ಶತಮಾನಗಳ ಹಿಂದೆ ಭಾರತದಿಂದ ಹೊರಟು ಯುರೋಪಿನಲ್ಲಿ ಹರಡಿದ ರೋಮಾ ಸಮುದಾಯದ ಕಲಾವಿದರು ಪ್ರತಿನಿಧಿಸಿದ್ದು ಅದೇ ಮೊದಲು. ಈ ‘ಮೊದಲು’ ಎಂಬುದರ ಸದ್ದಿನಲ್ಲಿ ಚಿತ್ರಗಳನ್ನು ಹೇಗೆ ಮಾಡಿದ್ದಾರೆ ಎಂಬ ಪ್ರಶ್ನೆ ತುಸು ಹಿಂದೆ ಸರಿಯಿತು. ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ನನ್ನನ್ನು ಅವರ ಕೃತಿಗಳತ್ತ ಎಳೆದದ್ದು ಆ ಪ್ರಶ್ನೆಯೇ.

1978ರಲ್ಲಿ ಪೋಲೆಂಡಿನ ಝಕೋಪಾನೆಯಲ್ಲಿ ಹುಟ್ಟಿದ ಮಿರ್ಗಾ-ತಾಸ್, ತಾತ್ರಾ ಪರ್ವತಗಳ ಬುಡದಲ್ಲಿರುವ ಚಾರ್ನಾ ಗೂರಾ ಎಂಬ ಹಳ್ಳಿಯಲ್ಲಿದ್ದುಕೊಂಡು ಕೆಲಸ ಮಾಡುತ್ತಾರೆ. ಕ್ರಾಕುಫ್ ನಗರದ ಲಲಿತಕಲಾ ಅಕಾಡೆಮಿಯಲ್ಲಿ ಅವರು ಕಲಿತದ್ದು ಶಿಲ್ಪ. 2004ರಲ್ಲಿ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಬೊಝೆಂಚಿನ್ ಎಂಬ ಊರಿನ ಬಳಿ ಕೊಲೆಯಾದ ರೋಮಾ ಜನರ ನೆನಪಿಗೆ ಅವರು ರೂಪಿಸಿದ ಮರದ ಸ್ಮಾರಕವನ್ನು 2011ರಲ್ಲಿ ಸ್ಥಾಪಿಸಲಾಯಿತು. 2016ರಲ್ಲಿ ಯಾರೋ ಅದನ್ನು ಒಡೆದು ಹಾಕಿದರು. ಬಳಿಕ ಅದನ್ನು ಮತ್ತೆ ಕಟ್ಟಲಾಯಿತು. ಸತ್ತವರ ನೆನಪನ್ನೂ ಸಹಿಸದವರು ಇರುವ ನೆಲದಲ್ಲಿ ಈ ಕಲಾವಿದೆ ತನ್ನ ಜನರ ಮುಖಗಳನ್ನು ಆಳೆತ್ತರಕ್ಕೆ ನಿಲ್ಲಿಸುತ್ತಿದ್ದಾರೆ ಎಂಬುದನ್ನು ಮರೆತರೆ, ಆ ಬಣ್ಣಗಳ ಸಂಭ್ರಮವನ್ನಷ್ಟೇ ನೋಡಿ ಮುಂದೆ ಹೋಗುತ್ತೇವೆ.

ವೆನಿಸ್ ಕೃತಿಯ ಚೌಕಟ್ಟು ಇಟಲಿಯ ಫೆರಾರಾ ನಗರದ ಸ್ಕಿಫನೋಯಾ ಅರಮನೆಯದು. ಅಲ್ಲಿ ಸುಮಾರು 1470ರ ಹೊತ್ತಿಗೆ ಬರೆದ ಭಿತ್ತಿಚಿತ್ರಗಳಲ್ಲಿ ಪ್ರತಿ ತಿಂಗಳಿಗೂ ಮೂರು ಪಟ್ಟಿಗಳಿವೆ: ಮೇಲೆ ದೇವತೆಗಳ ಮೆರವಣಿಗೆ, ನಡುವೆ ರಾಶಿಚಕ್ರ, ಕೆಳಗೆ ಆಳುವ ದೊರೆಯ ದಿನಚರಿ. ಮಾರ್ಚಿನಿಂದ ಸೆಪ್ಟೆಂಬರ್‌ವರೆಗಿನ ಏಳು ತಿಂಗಳ ಚಿತ್ರಗಳು ಮಾತ್ರ ಇಂದು ನೋಡುವ ಸ್ಥಿತಿಯಲ್ಲಿವೆ. ಮಿರ್ಗಾ-ತಾಸ್ ಹನ್ನೆರಡನ್ನೂ ಹೊಲಿದರು. ದೇವತೆಗಳ ಜಾಗಕ್ಕೆ ರೋಮಾ ಜನರ ವಲಸೆಯ ದಾರಿ ಬಂತು, ನಡುಪಟ್ಟಿಯಲ್ಲಿ ರಾಶಿಚಿಹ್ನೆಗಳ ಜೊತೆ ಅವರು ಗೌರವಿಸುವ ಹೆಂಗಸರು ನಿಂತರು, ದೊರೆಯ ಜಾಗದಲ್ಲಿ ಚಾರ್ನಾ ಗೂರಾದ ದಿನನಿತ್ಯದ ಬದುಕು ಕುಳಿತಿತು.

ಈ ಆಯ್ಕೆಯ ಹಿಂದೆ ಭಾರತಕ್ಕೆ ಸಂಬಂಧಿಸಿದ ಒಂದು ಎಳೆಯಿದೆ. ಸ್ಕಿಫನೋಯಾದ ಮಾರ್ಚ್ ತಿಂಗಳಲ್ಲಿ, ಮೇಷರಾಶಿಯ ಪಕ್ಕ, ಹರಕು ಬಿಳಿ ಬಟ್ಟೆ ತೊಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಕಪ್ಪು ಮೈಯ ಗಂಡಸೊಬ್ಬ ನಿಂತಿದ್ದಾನೆ. ಅವನು ಯಾರೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1912ರಲ್ಲಿ ಜರ್ಮನ್ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ ರೋಮ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ, 9ನೆಯ ಶತಮಾನದ ಅಬೂ ಮಾಶರ್ ಎಂಬ ಜ್ಯೋತಿಷಿಯ ಬರಹದ ಮೂಲಕ ಆ ಆಕೃತಿಯ ಜಾಡು ಹಿಡಿದು ಪ್ರಾಚೀನ ಭಾರತದ ಜ್ಯೋತಿಷಿ ವರಾಹಮಿಹಿರನವರೆಗೂ ತಲುಪಿದರು. ಅವನ ಬೃಹಜ್ಜಾತಕವು ಮೇಷದ ಮೊದಲ ದ್ರೇಕ್ಕಾಣವನ್ನು (ರಾಶಿಯ ಮೂರನೆಯ ಒಂದು ಭಾಗ) ಬಣ್ಣಿಸುವಾಗ ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿ ಕೊಡಲಿ ಹಿಡಿದ, ಕೆಂಗಣ್ಣಿನ ಕಪ್ಪು ಪುರುಷನನ್ನು ಹೇಳುತ್ತದೆ. ಹೀಗೆ ಭಾರತದಿಂದ ಹೊರಟು ಯುರೋಪಿನ ಗೋಡೆಯೇರಿದ ಚಿತ್ರಗಳ ನಡುವೆ, ಭಾರತದಿಂದಲೇ ಹೊರಟು ಯುರೋಪು ಸೇರಿದ ಜನರನ್ನು ತಂದು ಕೂರಿಸುವುದು ಸಾಮಾನ್ಯ ಜಾಣತನವಲ್ಲ. (ಲಂಬಾಣಿಗರೇ ಅಲ್ಲಿಯ ರೋಮಾಗಳು ಎಂಬ ಮಾತು ವಿಜಯಪುರದ ಕಡೆ ಆಗಾಗ ಕೇಳಿಬರುತ್ತದೆ. ರೋಮಾ ಭಾಷೆಯ ಮೂಲ ಭಾರತದ್ದು ಎಂಬುದು ನಿಶ್ಚಿತ. ಅದರಾಚೆಗೆ ಇಂಥದೇ ಸಮುದಾಯವೆಂದು ಬೆರಳಿಟ್ಟು ತೋರಿಸುವುದನ್ನು ನಾನು ಒಪ್ಪುವುದಿಲ್ಲ.)

ಮೇಲಿನ ಪಟ್ಟಿಗೆ ಮಿರ್ಗಾ-ತಾಸ್ ಬಳಸಿಕೊಂಡದ್ದು 17ನೆಯ ಶತಮಾನದ ಜಾಕ್ ಕಲೋ ಎಂಬ ಫ್ರೆಂಚ್ ಕಲಾವಿದನ ಅಚ್ಚುಚಿತ್ರಗಳನ್ನು. ಗಾಡಿ, ಕುದುರೆ, ಕಂಕುಳಲ್ಲಿ ಕೂಸು, ಅಡುಗೆಯ ಸರಂಜಾಮು ಹೊತ್ತು ಸಾಗುವ ಅಲೆಮಾರಿಗಳನ್ನು ಕಲೋ ಬಲು ನುರಿತ ಕೈಯಿಂದ ಕೆತ್ತಿದ್ದಾನೆ. ಆದರೆ ಅಡಿಯಲ್ಲಿರುವ ಸಾಲುಗಳು ಇವರ ಮಾತಿಗೆ ಮರುಳಾದವರು ತಮ್ಮ ನಾಣ್ಯಗಳನ್ನು ಜೋಪಾನ ಮಾಡಿಕೊಳ್ಳಲಿ ಎಂದು ಎಚ್ಚರಿಸುತ್ತವೆ. ಮಿರ್ಗಾ-ತಾಸ್ ಅದೇ ಮೆರವಣಿಗೆಯನ್ನು ಉಳಿಸಿಕೊಂಡು, ಆ ಅಡಿಬರಹವನ್ನು ಕೈಬಿಟ್ಟು, ಕಪ್ಪುಬಿಳುಪಿನ ಮೈಗಳಿಗೆ ಹೂವಿನ, ಗೆರೆಯ, ಹೊಳಪಿನ ಬಟ್ಟೆ ತೊಡಿಸುತ್ತಾರೆ.

ಆ ಬಟ್ಟೆಗಳು ಅಂಗಡಿಯಿಂದ ತಂದವಲ್ಲ. ಬಂಧುಗಳು, ಗೆಳತಿಯರು, ನೆರೆಯವರು ಉಟ್ಟು ಬಿಟ್ಟ ಲಂಗ, ಅಂಗಿ, ಶಾಲು, ಮನೆಯ ಪರದೆ, ಹಾಸಿಗೆಯ ಹೊದಿಕೆಗಳನ್ನು ಕತ್ತರಿಸಿ, ಜೋಡಿಸಿ, ಹಳ್ಳಿಯ ಹೆಂಗಸರ ಜೊತೆ ಕೂತು ಹೊಲಿದು, ಬೇಕಾದಲ್ಲಿ ಆಕ್ರಿಲಿಕ್ ಬಣ್ಣ ಹಚ್ಚುತ್ತಾರೆ. ನಮ್ಮ ಕಡೆ ಕೌದಿ ಕಂಡವರಿಗೆ ಈ ವಿಧಾನ ಹೊಸತೆನಿಸುವುದಿಲ್ಲ. ಇಳಕಲ್ಲ ಸೀರೆಯ ಒಡಲು ಸವೆದು ಹೋದರೂ ಟೋಪ ತೆನಿ ವಿನ್ಯಾಸದ ಸೆರಗು ಗಟ್ಟಿಯಿರುತ್ತದೆ. ಅದನ್ನು ಬಿಡಿಸಿ ನಡುವೆ ಇಟ್ಟು, ಸುತ್ತ ಧೋತರದ ತುಂಡು ಹಚ್ಚಿ, ಹೊರಗಿನಿಂದ ಒಳಕ್ಕೆ ಸಾಲುಸಾಲಾಗಿ ದಾರ ಹಾಯಿಸುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಮೊಬೈಲಿನಲ್ಲಿ ವೆನಿಸ್ಸಿನ ಚಿತ್ರ ತೋರಿಸಿದಾಗ ನಮ್ಮ ದೊಡ್ಡವ್ವ, “ಇಷ್ಟ ದೊಡ್ಡದು ಯಾರ್ ಹೊಚ್ಕೊಳ್ಳಾಕವಾ?” ಎಂದಳು. ಆಮೇಲೆ ಪರದೆಯನ್ನು ಹಿಗ್ಗಿಸಿ ನೋಡಿ, “ಹಳೇ ಅರಬೀನ ಹೌದಲ್ಲ? ಹೊಸಾದು ಹಿಂಗ ಮೆತ್ತಗ ಕೂಡೂದಿಲ್ಲ” ಎಂದಳು. ನಾನು ಓದಿದ ವಿಮರ್ಶೆಗಳು ಸಮುದಾಯದ ನೆನಪು, ಗುರುತು ಎಂದು ಬಹಳ ಬರೆದಿದ್ದರೂ ಬಟ್ಟೆ ಹೇಗೆ ಕೂತಿದೆ ಎಂಬುದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ.

ಮಿರ್ಗಾ-ತಾಸ್ ಚಿತ್ರಿಸಲು ಆಯ್ದುಕೊಳ್ಳುವ ವ್ಯಕ್ತಿಗಳಲ್ಲಿ ಆಲ್ಫ್ರೆಡಾ ಮಾರ್ಕೋವ್ಸ್ಕಾ ಒಬ್ಬರು. ಯುದ್ಧಕಾಲದಲ್ಲಿ ಸುಮಾರು 50 ಯಹೂದಿ ಮತ್ತು ರೋಮಾ ಮಕ್ಕಳನ್ನು ಉಳಿಸಿದ ಈ ರೋಮಾ ಮಹಿಳೆಗೆ ಪೋಲೆಂಡ್ ಸರ್ಕಾರದ ಉನ್ನತ ಗೌರವ ಸಿಕ್ಕಿದ್ದು 2006ರಲ್ಲಿ.

2020ರಲ್ಲಿ ಬರ್ಲಿನ್ ಬಿಯೆನಾಲೆ, 2022ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಕಲಾಪ್ರದರ್ಶನ, 2024ರಲ್ಲಿ ಇಂಗ್ಲೆಂಡಿನ ಟೇಟ್ ಸೇಂಟ್ ಐವ್ಸ್ ಕಲಾ ಗ್ಯಾಲರಿ ಎಂದು ಪ್ರದರ್ಶನಗಳ ಪಟ್ಟಿ ಬೆಳೆಯುತ್ತಲೇ ಇದೆ. ಆದರೂ ಅವರ ಅತ್ಯುತ್ತಮ ಕೆಲಸ ವೆನಿಸ್ಸಿನದು ಎಂಬ ಮಾತಿಗೆ ನನ್ನ ತಕರಾರಿದೆ. ಹನ್ನೆರಡು ತಿಂಗಳು, ರಾಶಿ, ವಲಸೆ ಎಲ್ಲವೂ ಒಟ್ಟಿಗೆ ಬಂದಾಗ ಒಬ್ಬೊಬ್ಬರ ಮುಖ ಆ ವೈಭವದಲ್ಲಿ ಕರಗುತ್ತದೆ. ಕ್ರಾಕುಫ್ ಪಕ್ಕ ಉಕ್ಕಿನ ಕಾರ್ಖಾನೆಗಾಗಿ 1949ರಿಂದ ಕಟ್ಟಿದ ನೊವಾ ಹೂತಾ ಎಂಬ ಪಟ್ಟಣಕ್ಕೆ ಬಂದು ನೆಲೆಸಿದ ಮೊದಲ ತಲೆಮಾರಿನ ರೋಮಾ ಜನರನ್ನು ಅವರು ‘ಶುಕಾರ್ ಮನುಶಿಯಾ’ (ರೋಮಾ ಭಾಷೆಯಲ್ಲಿ ‘ಸೊಗಸಾದ ಜನ’) ಎಂಬ ಮಾಲಿಕೆಯಲ್ಲಿ ಚಿತ್ರಿಸಿದ್ದಾರೆ. ಅಲ್ಲಿ ಪುರಾಣವಿಲ್ಲ, ಜ್ಯೋತಿಷ್ಯವಿಲ್ಲ; ಊರು ಕಟ್ಟಿದ ಜನರು ತಮ್ಮ ತಮ್ಮ ನಿಲುವಿನಲ್ಲಿ ಎದುರಿಗೆ ಬರುತ್ತಾರೆ, ಅಂಗಿಯ ಕಾಲರಿನ ಮಡಿಕೆಯೂ ಆ ಮನುಷ್ಯನ ಸ್ವಭಾವ ಹೇಳುತ್ತದೆ. ಮಕ್ಕಳಿಗೆ ಭಾವಚಿತ್ರ ರಚನೆ ಕಲಿಸಬೇಕಾದಾಗ ನಾನು ತೋರಿಸುವುದು ಆ ಮಾಲಿಕೆಯನ್ನೇ.