ಇಂಡಿಯಾನಾಪೊಲಿಸ್‌ಗೆ ರೇಸ್ ಇಲ್ಲದ ದಿನ ಹೋಗಿ

ಷಿಕಾಗೊ ಕಡೆ ಮಕ್ಕಳ ಮನೆಗೆ ಹೋಗುವವರು ಇಂಡಿಯಾನಾಪೊಲಿಸ್‌ಗೆಂದು ಒಂದು ದಿನ ಎತ್ತಿಡಿ. ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಲ್ಲಿಯ ಗಡಿಯಾರ ಷಿಕಾಗೊಗಿಂತ ಒಂದು ಗಂಟೆ ಮುಂದಿರುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು. ಮೇ ಕೊನೆಯಲ್ಲಿ ಇಂಡಿ 500 ಎಂಬ ಐನೂರು ಮೈಲಿಯ ಕಾರ್ ರೇಸ್‌ಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಆಗ ಹೋದರೆ ರೇಸ್ ಸಿಗುತ್ತದೆ, ಆದರೆ ಆ ಊರು ತನ್ನ ರೇಸ್ ಮಂದಿಯನ್ನು ಹೇಗೆ ನೆನೆಯುತ್ತದೆ ಎಂದು ನಿಧಾನವಾಗಿ ನೋಡಲು ಆಗುವುದಿಲ್ಲ. ನಾನು ಹೇಳುತ್ತಿರುವುದು ಈ ಎರಡನೆಯ ಬಗೆಯ ಪ್ರವಾಸದ ಬಗ್ಗೆ.

ಈ ರೇಸ್‌ನ ವಸ್ತುಸಂಗ್ರಹಾಲಯ ಇರುವುದು ರೇಸ್ ಟ್ರ್ಯಾಕ್‌ನ ಒಳಗಡೆಯೇ. ಟ್ರ್ಯಾಕ್‌ನ ಕೆಳಗಿನ ಸುರಂಗದಲ್ಲಿ ಕಾರು ನುಗ್ಗಿ ಆಚೆ ಬಂದಾಗ ಎರಡೂವರೆ ಮೈಲಿ ಸುತ್ತಳತೆಯ ಅಂಗಳದ ನಡುವೆ ಇರುತ್ತೀರಿ. ದೊಡ್ಡ ನವೀಕರಣದ ನಂತರ 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ತೆರೆದಿದೆ, ಹಾಗಾಗಿ ಹಳೆಯ ಪ್ರವಾಸ ಬರಹಗಳ ವಿವರಗಳನ್ನು ನಂಬಿಕೊಂಡು ಹೊರಡಬೇಡಿ. ಟ್ರ್ಯಾಕ್ ಸುತ್ತಿಸುವ ಬಸ್ ಬೇಕಿದ್ದರೆ ಅದು ಆ ದಿನ ಇದೆಯೇ ಎಂದು ಮೊದಲೇ ವಿಚಾರಿಸಿ. ಟ್ರ್ಯಾಕ್‌ನಲ್ಲಿ ಬೇರೆ ಕೆಲಸ ನಡೆಯುತ್ತಿದ್ದರೆ ಬಸ್ ಬಿಡುವುದಿಲ್ಲ. 1909ರಲ್ಲಿ ಹಾಸಿದ ಲಕ್ಷಾಂತರ ಇಟ್ಟಿಗೆಗಳ ನೆನಪಿಗೆ ಗೆರೆಯಂತೆ ಉಳಿಸಿರುವ ಒಂದು ಗಜದ ಪಟ್ಟಿಗೆ ಜನ ಮಂಡಿಯೂರಿ ಮುತ್ತಿಡುತ್ತಾರೆ. ಮಂಡಿನೋವಿನವರು ನಿಂತೇ ನೋಡಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಹೆಚ್ಚು ಹೊತ್ತು ಕೊಡಬೇಕಾದದ್ದು ಬೋರ್ಗ್-ವಾರ್ನರ್ ಟ್ರೋಫಿಗೆ. ಇಂಡಿ 500 ಗೆದ್ದವರಿಗೆ 1936ರಿಂದ ಕೊಡುತ್ತಿರುವ, ಐದಡಿಗೂ ಎತ್ತರದ ಬೆಳ್ಳಿಯ ಟ್ರೋಫಿ ಇದು. 1911ರಿಂದ ಈಚೆಗೆ ಗೆದ್ದ ಪ್ರತಿಯೊಬ್ಬರ ಮುಖವನ್ನೂ ಉಬ್ಬುಶಿಲ್ಪವಾಗಿ ಮಾಡಿ ಕೂರಿಸಿದ್ದಾರೆ. ಪಕ್ಕದ ಚೌಕದಲ್ಲಿ ಹೆಸರು, ವರ್ಷ, ವೇಗ. ಮತ್ತೆ ಗೆದ್ದರೆ ಮುಖವೂ ಮತ್ತೆ ಬರುತ್ತದೆ. ಎ.ಜೆ. ಫಾಯ್ಟ್ 1961, 1964, 1967 ಮತ್ತು 1977ರಲ್ಲಿ ಗೆದ್ದರು. ಮೊದಲನೆಯ ಮುಖಕ್ಕೂ ಕೊನೆಯದಕ್ಕೂ ನಡುವೆ ಹದಿನಾರು ವರ್ಷ. ಎಲಿಯೊ ಕ್ಯಾಸ್ಟ್ರೊನೆವೆಸ್ ವಿಷಯದಲ್ಲಿ ಈ ಅಂತರ ಇಪ್ಪತ್ತು ವರ್ಷ. ಮಕ್ಕಳು ಜೊತೆಗಿದ್ದರೆ ಈ ಮುಖಗಳನ್ನು ಹುಡುಕಲು ಹೇಳಿ, ಅರ್ಧ ಗಂಟೆ ನಿಮಗೆ ಬಿಡುವು ಸಿಗುತ್ತದೆ. ನೀವು ಮಾತ್ರ 1934ರಲ್ಲಿ ಗೆದ್ದ ಬಿಲ್ ಕಮಿಂಗ್ಸ್ ಮುಖವನ್ನು ನೋಡಿಟ್ಟುಕೊಳ್ಳಿ. ಅದರ ಕೆಲಸ ಮಧ್ಯಾಹ್ನ ಬರುತ್ತದೆ.

1911ರ ಮೊದಲ ರೇಸ್ ಗೆದ್ದ ಹಳದಿ ಬಣ್ಣದ ಮಾರ್ಮನ್ ವಾಸ್ಪ್ ಕಾರು ಈ ವಸ್ತುಸಂಗ್ರಹಾಲಯದ ಹೆಮ್ಮೆ. ಅಂದು ಉಳಿದ ಚಾಲಕರು ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಓಡಿಸಿದರೆ, ರೇ ಹ್ಯಾರೂನ್ ಒಂಟಿಯಾಗಿ, ಹಿಂದೆ ಬರುವವರನ್ನು ಕಾಣಲು ಕನ್ನಡಿ ಕಟ್ಟಿಕೊಂಡು ಗೆದ್ದರು. ಮುಂದಿನ ವರ್ಷಗಳಲ್ಲಿ ಗೆದ್ದ ಕಾರುಗಳಲ್ಲಿ ಕೂತು, ಅದೇ ಧೂಳು ಕುಡಿದು, ಅದೇ ಅಪಾಯಕ್ಕೆ ಜೀವ ಒಡ್ಡಿದ ಮೆಕ್ಯಾನಿಕ್‌ಗಳ ಮುಖ ಟ್ರೋಫಿಯ ಮೇಲಿಲ್ಲ. ಇದು ನನಗೆ ಸರಿಕಾಣಲಿಲ್ಲ. ಇಲ್ಲಿಯ ಹಾಲ್ ಆಫ್ ಫೇಮ್ ಗೌರವ ಕಾರು ಕಟ್ಟಿದವರಿಗೆ, ಮೆಕ್ಯಾನಿಕ್‌ಗಳಿಗೆ, ವೀಕ್ಷಕ ವಿವರಣೆಕಾರರಿಗೂ ಸಂದಿದೆ ಎಂಬುದಷ್ಟೇ ಸಮಾಧಾನ.

ನಮ್ಮವರಿಗಾಗಿ ಒಂದು ಮಾತು. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದದ್ದು ಇದೇ ಅಂಗಳದಲ್ಲಿ, 2005ರ ಜೂನ್‌ನಲ್ಲಿ. ಟೈರುಗಳ ರಗಳೆಯಿಂದ ಆರೇ ಕಾರುಗಳು ಓಡಿದವು, ಅವರು ನಾಲ್ಕನೆಯವರು. ಆರರಲ್ಲಿ ನಾಲ್ಕು ಎಂದು ಮೂಗು ಮುರಿಯುವವರು ಮುರಿಯಲಿ, ಅಂಕ ಅಂಕವೇ.

ಊಟ ಮುಗಿಸಿ ಕ್ರೌನ್ ಹಿಲ್ ಸ್ಮಶಾನಕ್ಕೆ ಹೋಗಿ. ಪ್ರವಾಸದಲ್ಲಿ ಸ್ಮಶಾನವೇ ಎಂದು ಮನೆಯ ಹಿರಿಯರು ಮುಖ ಸಿಂಡರಿಸಬಹುದು. ಆದರೆ ಇದು ಐನೂರು ಎಕರೆಗೂ ದೊಡ್ಡದಾದ, ಮರಗಳಿಂದ ತುಂಬಿದ ಜಾಗ. ಒಳಗೆ ಕಾರಿನಲ್ಲೇ ಸುತ್ತಬಹುದು. ಟ್ರ್ಯಾಕ್ ಕಟ್ಟಿಸಿದ ಕಾರ್ಲ್ ಫಿಷರ್ ಮತ್ತು ಅವರ ಮೂವರು ಪಾಲುದಾರರ ಸಮಾಧಿಗಳು ಇಲ್ಲಿವೆ. ನೀವು ಹುಡುಕಬೇಕಾದ ಇನ್ನೊಂದು ಹೆಸರು ಚಾರ್ಲಿ ವಿಗಿನ್ಸ್. ಕರಿಯರೆಂಬ ಕಾರಣಕ್ಕೆ ಇಂಡಿ 500ಕ್ಕೆ ಪ್ರವೇಶವಿಲ್ಲದ ಕಾಲದಲ್ಲಿ, ಆ ಸಮುದಾಯದವರಿಗಾಗಿ 1924ರಲ್ಲಿ ಆರಂಭವಾದ ಗೋಲ್ಡ್ ಆ್ಯಂಡ್ ಗ್ಲೋರಿ ರೇಸ್‌ನ ತಾರೆ ಅವರು. 1936ರ ಅಪಘಾತದಲ್ಲಿ ಕಾಲು ಕಳೆದುಕೊಂಡರು. 1934ರಲ್ಲಿ ಕಮಿಂಗ್ಸ್ ಕಾರನ್ನು ಸಜ್ಜುಗೊಳಿಸಲು, ಹಗಲು ಜಾಡಮಾಲಿಯ ಹೆಸರಿನಲ್ಲಿ ಒಳಗಿದ್ದು ರಾತ್ರಿ ಎಂಜಿನ್ ಕೆಲಸ ಮಾಡುತ್ತಿದ್ದರು ಎಂದು ಹೇಳುತ್ತಾರೆ. ಕಮಿಂಗ್ಸ್ ಮುಖ ಬೆಳ್ಳಿಯಲ್ಲಿದೆ. ವಿಗಿನ್ಸ್ 1979ರಲ್ಲಿ ತೀರಿಕೊಂಡ ಮೇಲೆ ಸಮಾಧಿಗೆ ಹೆಸರಿನ ಕಲ್ಲು ಬೀಳಲು ಎರಡು ದಶಕಗಳೇ ಹಿಡಿದವು. ಬೆಳಗ್ಗೆ ನೋಡಿದ ಟ್ರೋಫಿ ಇಲ್ಲಿಗೆ ಬಂದ ಮೇಲೆ ಬೇರೆಯಾಗಿ ಕಾಣುತ್ತದೆ. ಸಮಾಧಿಯ ಜಾಗ ಎಲ್ಲಿದೆ ಎಂದು ಕಚೇರಿಯಲ್ಲಿ ಕೇಳಿಕೊಂಡೇ ಒಳಗೆ ಹೋಗಿ. ಇಷ್ಟು ದೊಡ್ಡ ಜಾಗದಲ್ಲಿ ಅಂದಾಜಿನ ಮೇಲೆ ಹುಡುಕಲು ಆಗದು.

ವಿಗಿನ್ಸ್ ಓಡಿದ ಒಂದು ಮೈಲಿಯ ಟ್ರ್ಯಾಕ್ ಇರುವ ರಾಜ್ಯ ಜಾತ್ರೆ ಮೈದಾನ ಸ್ಮಶಾನವಿರುವ 38ನೇ ರಸ್ತೆಯಲ್ಲೇ ಪೂರ್ವಕ್ಕೆ ಹೋದರೆ ಸಿಗುತ್ತದೆ. ಆಗಸ್ಟ್‌ನಲ್ಲಿ ಅಲ್ಲಿ ಜಾತ್ರೆ. ಆಗ ಹೋಗುವವರು ಕಾರು ನಿಲ್ಲಿಸಲು ಜಾಗ ಹುಡುಕುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.